ಐವತ್ತು ರಾಜ್ಯಗಳ ಪ್ರಾಣಿಗಳು, ನಮ್ಮ ಮನೆಯ ಒಂದು ಹುಳು

(ಸ್ಕಂದಗಿರಿಯ ಬುಡದಲ್ಲಿ ನಡೆದ ಮಕ್ಕಳ ರಜಾ ಶಿಬಿರದಲ್ಲಿ ಮಾಡಿದ ಭಾಷಣ. ಓದುಗರಿಗಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ.)



ದಣಿದ ಮಕ್ಕಳ ಮುಂದೆ ಉದ್ದ ಭಾಷಣ ಮಾಡುವುದು ಅನ್ಯಾಯ. ಆದ್ದರಿಂದ ಸ್ವಾರಸ್ಯದ ಸಂಗತಿಗಳಿಂದಲೇ ಆರಂಭಿಸುತ್ತೇನೆ. ಅಮೆರಿಕದಲ್ಲಿ ಐವತ್ತು ರಾಜ್ಯಗಳಿವೆ. ನಮ್ಮ ಕರ್ನಾಟಕಕ್ಕೆ ಆನೆ ರಾಜ್ಯಪ್ರಾಣಿ, ನೀಲಕಂಠ ರಾಜ್ಯಪಕ್ಷಿ ಇರುವ ಹಾಗೆ ಅಲ್ಲಿನ ರಾಜ್ಯಗಳೂ ತಮಗೆ ಬೇಕಾದ ಪ್ರಾಣಿ, ಪಕ್ಷಿ, ಮೀನು, ಕೀಟಗಳನ್ನು ಆರಿಸಿಕೊಂಡಿವೆ. ಕೆಲವು ಆಯ್ಕೆಗಳು ಬಹಳ ತಮಾಷೆಯಾಗಿವೆ.

ಹವಾಯಿ ರಾಜ್ಯದ ಮೀನಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ: ಹುಮುಹುಮುನುಕುನುಕುಆಪುಆಆ. ಮೀನು ಅಂಗೈಯಷ್ಟು, ಹೆಸರು ಮೊಳದಷ್ಟು! ಟೆಕ್ಸಾಸ್ ರಾಜ್ಯ 1995ರಲ್ಲಿ ಆರ್ಮಡಿಲ್ಲೊ ಎಂಬ ಪ್ರಾಣಿಯನ್ನು ತನ್ನ ಚಿಕ್ಕ ಸಸ್ತನಿ ಎಂದು ಆರಿಸಿಕೊಂಡಿತು. ಮೈಮೇಲೆ ಗಟ್ಟಿ ಕವಚ ಹೊತ್ತ ಈ ಪ್ರಾಣಿ ಸಾಮಾನ್ಯವಾಗಿ ಒಂದು ಸಲಕ್ಕೆ ನಾಲ್ಕು ಮರಿ ಹಾಕುತ್ತದೆ. ನಾಲ್ಕೂ ಒಂದೇ ಅಂಡದಿಂದ ಹುಟ್ಟಿದವು. ನಾಲ್ಕೂ ಗಂಡು, ಇಲ್ಲವೇ ನಾಲ್ಕೂ ಹೆಣ್ಣು. ಇನ್ನು ಕ್ಯಾಲಿಫೋರ್ನಿಯಾದ ಬಾವುಟದಲ್ಲಿ ದೊಡ್ಡ ಗ್ರಿಜ್ಲಿ ಕರಡಿ ಇದೆ, ರಾಜ್ಯಪ್ರಾಣಿಯೂ ಅದೇ. ಆದರೆ 1920ರ ದಶಕದ ನಂತರ ಆ ರಾಜ್ಯದಲ್ಲಿ ಆ ಕರಡಿಯನ್ನು ಕಂಡವರಿಲ್ಲ. ಇದ್ದಷ್ಟನ್ನೂ ಬೇಟೆಯಾಡಿ ಮುಗಿಸಿದ ಮೇಲೆ 1953ರಲ್ಲಿ ಅದಕ್ಕೆ ರಾಜ್ಯಪ್ರಾಣಿಯ ಪಟ್ಟ ಕಟ್ಟಿದರು. ಇದನ್ನು ತಮಾಷೆ ಎನ್ನಬೇಕೋ ಏನೆನ್ನಬೇಕೋ ನೀವೇ ಯೋಚಿಸಿ.

ನನಗೆ ಬಹಳ ಹಿಡಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಕಥೆ. ಅದರ ಬಾವುಟದಲ್ಲಿ ಬ್ಯಾಜರ್ ಎಂಬ ನೆಲ ತೋಡುವ ಪ್ರಾಣಿ ಇದೆ. ಅದು ಸುಂದರ ಪ್ರಾಣಿಯಲ್ಲ, ಸಿಂಹದಂತೆ ಗಂಭೀರವೂ ಅಲ್ಲ. ಹಾಗಾದರೆ ಅದೇಕೆ? 1820-30ರ ಸುಮಾರಿಗೆ ಅಲ್ಲಿಗೆ ಸೀಸದ ಗಣಿ ಕೆಲಸಕ್ಕೆ ಬಂದ ಬಡ ಕೂಲಿಗಳಿಗೆ ಮನೆ ಇರಲಿಲ್ಲ. ಚಳಿಗಾಲದಲ್ಲಿ ಗುಡ್ಡದ ಪಕ್ಕದಲ್ಲಿ ಬಿಲ ಕೊರೆದು ಅದರಲ್ಲೇ ಮಲಗುತ್ತಿದ್ದರು. ಜನ ಅವರನ್ನು ಬ್ಯಾಜರುಗಳು ಎಂದು ಕರೆದರು. ಆ ಹೆಸರೇ ಮುಂದೆ ಇಡೀ ರಾಜ್ಯದ ಅಡ್ಡಹೆಸರಾಯಿತು. ಈ ಕಥೆಯನ್ನು ನೆನಪಿನಲ್ಲಿಡಿ, ಮತ್ತೆ ಇದರ ಹತ್ತಿರ ಬರುತ್ತೇನೆ.

ಈಗ ನನ್ನ ತರಗತಿಯ ಒಂದು ಘಟನೆ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಕೆಲವು ವರ್ಷಗಳ ಹಿಂದೆ ಆರನೇ ತರಗತಿಗೆ "ನನಗೆ ಗೊತ್ತಿರುವ ಒಂದು ವಿಚಿತ್ರ ಪ್ರಾಣಿ" ಎಂಬ ಪ್ರಬಂಧ ಕೊಟ್ಟಿದ್ದೆ. ಮೂವತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಕಾಂಗರೂ ಬರೆದಿದ್ದರು. ಒಂದೇ ಪುಸ್ತಕದಿಂದ ನಕಲು, ಕಾಗುಣಿತದ ತಪ್ಪುಗಳೂ ಒಂದೇ! ಕೊನೆಯ ಬೆಂಚಿನ ಒಬ್ಬ ಹುಡುಗ ಪ್ಲಾಟಿಪಸ್ ಬಗ್ಗೆ ಬರೆದಿದ್ದ. ಹೆಸರು ಬೇಡ, ಈಗ ಅವನು ದೊಡ್ಡವನಾಗಿದ್ದಾನೆ. ಅವನ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಆ ಮನೆಗಳ ವಾಸನೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಬೇಯಿಸಿದ ಗೂಡಿನ ವಾಸನೆ ಬಟ್ಟೆಗೆ, ಪುಸ್ತಕದ ಹಾಳೆಗೆ, ಕೂದಲಿಗೆ ಅಂಟಿಕೊಳ್ಳುತ್ತದೆ. ಅವನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೇ ಎಷ್ಟೋ ತಿಂಗಳ ಮೇಲೆ ಎಂದು ಒಪ್ಪಿಕೊಳ್ಳಬೇಕು.

"ನಿನ್ನ ಮನೆಯಲ್ಲೇ ವಿಚಿತ್ರ ಪ್ರಾಣಿ ಇದೆಯಲ್ಲಪ್ಪ, ಅದನ್ನೇಕೆ ಬರೆಯಲಿಲ್ಲ?" ಎಂದೆ. ತಲೆ ತಗ್ಗಿಸಿ, "ಅದು ಪ್ರಾಣಿ ಅಲ್ಲ ಮಿಸ್, ಕೀಡಾ" ಎಂದ. ತರಗತಿ ನಕ್ಕಿತು. ಅವತ್ತಿನಿಂದ ನಾನು ಆ ಹುಳುವಿನ ಬಗ್ಗೆ ಓದತೊಡಗಿದೆ. ಓದಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳಲು ಇವತ್ತು ನಿಂತಿದ್ದೇನೆ.

ಮಕ್ಕಳೇ, ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳು ಇರುವೆಗಿಂತ ಚಿಕ್ಕದು. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಆಗುತ್ತದೆ. ಇದು ಎಷ್ಟೆಂದು ತಿಳಿಯಬೇಕಾದರೆ ಲೆಕ್ಕ ಹಾಕೋಣ. ಮೂರು ಕೆ.ಜಿ. ತೂಕದ ಮಗುವೊಂದು ಹಾಗೆ ಬೆಳೆದರೆ ತಿಂಗಳು ತುಂಬುವ ಮೊದಲೇ ಮೂವತ್ತು ಟನ್ ಆಗುತ್ತದೆ. ನಮ್ಮ ರಾಜ್ಯಪ್ರಾಣಿ ಆನೆಯನ್ನು ಐದು ಟನ್ ಎಂದು ಹಿಡಿದರೂ ಆರು ಆನೆಗಳ ತೂಕ! ಇಷ್ಟು ಬೆಳೆಯಲು ಅದು ತಿನ್ನುವುದು ಒಂದೇ ಒಂದು ಆಹಾರ, ಹಿಪ್ಪುನೇರಳೆ ಸೊಪ್ಪು. ನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ನಿಂತು ಚರ್ಮ ಕಳಚುತ್ತದೆ. ನಮ್ಮ ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಸುರಿದ ಹಾಗೆ ಕೇಳಿಸುತ್ತದೆ. ಹುಳು ಮನೆಯಲ್ಲಿ ರಾತ್ರಿ ಮಲಗಿದವರಿಗೆ ಇದು ಗೊತ್ತು.

ಆಮೇಲೆ ಹುಳು 'ಹಣ್ಣಾಗುತ್ತದೆ'. ಮೈ ಸ್ವಲ್ಪ ಪಾರದರ್ಶಕವಾಗಿ ಮೇವು ಬೇಡವೆನ್ನುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅದು ತಲೆಯನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಆಡಿಸುತ್ತಾ, ಬಾಯಿಯ ಬಳಿಯಿಂದ ಬರುವ ದ್ರವವನ್ನು ಎಳೆಯಾಗಿಸಿ, ಎರಡು ಮೂರು ದಿನ ಬಿಡದೆ ಗೂಡು ಕಟ್ಟುತ್ತದೆ. ಗೂಡು ಪೂರ್ತಿ ಒಂದೇ ಎಳೆ. ತಳಿಗೆ ತಕ್ಕಂತೆ ಕೆಲವು ನೂರು ಮೀಟರಿನಿಂದ ಒಂದು ಕಿಲೋಮೀಟರ್‌ವರೆಗೂ ಉದ್ದ. ನೀವು ಇವತ್ತು ಹತ್ತಿದ ಸ್ಕಂದಗಿರಿ, ಅಂದರೆ ಕಳವಾರ ಬೆಟ್ಟ, ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರ. ಒಳ್ಳೆಯ ಬೈವೋಲ್ಟೀನ್ ಗೂಡು ಎರಡಿದ್ದರೆ ಸಮುದ್ರದ ಮಟ್ಟದಿಂದ ಈ ಬೆಟ್ಟದ ನೆತ್ತಿಗೆ ಎಳೆ ಮುಟ್ಟಿಸಬಹುದು. ಇಷ್ಟು ಉದ್ದದ ಎಳೆಯನ್ನು ತುಂಡಾಗದಂತೆ ಬಿಚ್ಚುವುದು ಯಾರು? ನಿಮ್ಮ ಅಪ್ಪ, ನಿಮ್ಮ ಅಮ್ಮಿ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕಿ, ಏಳೆಂಟು ಗೂಡಿನ ಎಳೆಗಳನ್ನು ಒಂದಾಗಿ ಕೂಡಿಸಿ ನೂಲು ಮಾಡುತ್ತಾರೆ. ಬೊಬ್ಬೆ ಎದ್ದ ಆ ಬೆರಳುಗಳ ವಿದ್ಯೆ ನನ್ನ ಬಿ.ಎಡ್.ಗೆ ಬರುವುದಿಲ್ಲ.

ಇದನ್ನು ಹೇಳುವಾಗ ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿ, "ಒಳಗಿರೋ ಹುಳ ಏನಾಗುತ್ತೆ ಮಿಸ್?" ಎಂದು ಕೇಳಿದಳು. ಸಾಯುತ್ತದೆ, ಮಗು. ಚಿಟ್ಟೆಯಾಗಿ ಹೊರಬರಲು ಬಿಟ್ಟರೆ ಅದು ಗೂಡನ್ನು ತೂತು ಮಾಡುತ್ತದೆ, ಎಳೆ ತುಂಡಾಗುತ್ತದೆ. ಆದ್ದರಿಂದ ಮೊದಲೇ ಬಿಸಿಯಲ್ಲಿ ಕೊಲ್ಲುತ್ತಾರೆ. ಮಕ್ಕಳ ಮುಂದೆ ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಬಿತ್ತನೆಗೆಂದು ಉಳಿಸಿದ ಗೂಡುಗಳಿಂದ ಮಾತ್ರ ಚಿಟ್ಟೆ ಹೊರಬರುತ್ತದೆ. ಆ ಚಿಟ್ಟೆಯೋ ಇನ್ನೂ ವಿಚಿತ್ರ. ರೆಕ್ಕೆ ಇದೆ, ಹಾರಲಾರದು. ಏನನ್ನೂ ತಿನ್ನಲಾರದು. ಕೆಲವೇ ದಿನ ಬದುಕಿ, ನಾಲ್ಕುನೂರರಷ್ಟು ಮೊಟ್ಟೆ ಇಟ್ಟು ಮುಗಿಯುತ್ತದೆ. ಸಾವಿರಾರು ವರ್ಷ ಮನುಷ್ಯನ ಮನೆಯಲ್ಲೇ ಸಾಕಿದ್ದರಿಂದ ಈಗ ಈ ಜಾತಿ ಕಾಡಿನಲ್ಲಿ ಎಲ್ಲೂ ಇಲ್ಲ. ನಾವು ಸೊಪ್ಪು ಹಾಕದಿದ್ದರೆ ಅದಿಲ್ಲ. ಅದಿಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದಿಲ್ಲ.

ಹೆಣ್ಣು ಚಿಟ್ಟೆ ಒಂದು ಬಗೆಯ ವಾಸನೆಯನ್ನು ಬಿಟ್ಟು ಗಂಡನ್ನು ಕರೆಯುತ್ತದೆ. ಆ ವಾಸನೆಯ ವಸ್ತು ಏನೆಂದು 1959ರಲ್ಲಿ ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿ ಕಂಡುಹಿಡಿದರು. ಅದಕ್ಕಾಗಿ ಅವರಿಗೆ ಬೇಕಾದದ್ದು ಸುಮಾರು ಐದು ಲಕ್ಷ ಚಿಟ್ಟೆಗಳು. ಪ್ರಾಣಿಗಳು ವಾಸನೆಯಿಂದ ಹೇಗೆ ಮಾತಾಡುತ್ತವೆ ಎಂಬ ವಿಜ್ಞಾನಕ್ಕೆ ಬಾಗಿಲು ತೆರೆದದ್ದು ಹೀಗೆ ನಮ್ಮ ಈ ಹುಳು. ವಾಸನೆ ಎಂದು ಮೂಗು ಮುಚ್ಚಿಕೊಂಡ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ಈ ಹುಳು ನಮ್ಮ ಸೀಮೆಗೆ ಬಂದದ್ದಾದರೂ ಹೇಗೆ? ಈ ಬೆಟ್ಟದ ಮೇಲಿನ ಕೋಟೆಯ ಗೋಡೆಗಳನ್ನು ನೋಡಿದಾಗ ಟಿಪ್ಪು ಸುಲ್ತಾನರ ಹೆಸರು ಕೇಳಿದಿರಲ್ಲ, ಮೈಸೂರು ಸೀಮೆಯಲ್ಲಿ ರೇಷ್ಮೆಗೆ ನೆಲೆ ಮಾಡಿಕೊಟ್ಟವರು ಅವರೇ. ಬಂಗಾಳಕ್ಕೆ ಜನರನ್ನು ಕಳಿಸಿ ಹುಳು ತರಿಸಿದರು. 1786ರ ಅವರ ಒಂದು ಪತ್ರದಲ್ಲಿ ಹಾಗೆ ಹೋಗಿದ್ದ ಇಬ್ಬರ ಹೆಸರಿದೆ: ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ. ದಾರಿಯುದ್ದಕ್ಕೂ ಹುಳುವನ್ನು ಕಾಪಾಡಿ ತಂದ ಆ ಇಬ್ಬರನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಭಾಷೆ ಕಲಿಸುವವಳಾಗಿ ಇನ್ನೊಂದು ಮಾತು. 'ರೇಷ್ಮೆ' ಎಂಬ ನಮ್ಮ ಕನ್ನಡ ಪದದ ಮೂಲ ಫಾರಸಿಯ 'ರೇಶಮ್'. ನೀವು ಮನೆಯಲ್ಲಿ ಉರ್ದುವಿನಲ್ಲಿ ಹೇಳುವುದೂ ಅದೇ. ಹುಳು ಬಂಗಾಳದಿಂದ, ಪದ ಫಾರಸಿಯಿಂದ, ಸೊಪ್ಪು ಕೋಲಾರ ಸೀಮೆಯ ಕೆಂಪು ಮಣ್ಣಿನಿಂದ.

ಈಗ ಅಮೆರಿಕಕ್ಕೆ ಹಿಂದಿರುಗೋಣ. ಇದೇ ಹುಳುವಿಗಾಗಿ ಆಸೆಪಟ್ಟು ಸೋತ ರಾಜ್ಯವೊಂದು ಅಲ್ಲಿದೆ, ಜಾರ್ಜಿಯಾ. 1730ರ ದಶಕದಲ್ಲಿ ಇಂಗ್ಲಿಷರು ಆ ವಸಾಹತನ್ನು ಕಟ್ಟಿದಾಗ ಅದರ ಆಡಳಿತ ಮಂಡಳಿಯ ಮುದ್ರೆಯ ಮೇಲೆ ಸಿಂಹವೂ ಇರಲಿಲ್ಲ, ಹದ್ದೂ ಇರಲಿಲ್ಲ. ಇದ್ದದ್ದು ಹಿಪ್ಪುನೇರಳೆ ಎಲೆ, ರೇಷ್ಮೆ ಹುಳು ಮತ್ತು ಗೂಡು! ಭೂಮಿ ಪಡೆದವರು ಹಿಪ್ಪುನೇರಳೆ ನೆಡಲೇಬೇಕೆಂಬ ಕರಾರೂ ಇತ್ತು. ಸವಾನ್ನಾ ಎಂಬ ಊರಿನಲ್ಲಿ ನೂಲು ತೆಗೆಯುವ ಕಟ್ಟಡವನ್ನೇ ಕಟ್ಟಿದರು. ಅದನ್ನು ಅವರು ಕರೆದದ್ದು 'ಫಿಲೇಚರ್' ಎಂದು. ಶಿಡ್ಲಘಟ್ಟದ ಗಲ್ಲಿಗಲ್ಲಿಯಲ್ಲಿ ನಾವು ಹೇಳುವ ಅದೇ ಪದ. ಆದರೆ ವಸಂತದ ಹಿಮಕ್ಕೆ ಚಿಗುರು ಕರಗಿತು, ಕೂಲಿ ದುಬಾರಿಯಾಯಿತು, ಕೊನೆಗೆ ಜನ ಹತ್ತಿಯ ಕಡೆ ಹೊರಳಿದರು. ಫಿಲೇಚರ್ ಸಭಾಭವನವಾಯಿತು. 1791ರಲ್ಲಿ ಜಾರ್ಜ್ ವಾಷಿಂಗ್ಟನ್ ಆ ಊರಿಗೆ ಬಂದಾಗ ಅವರ ಗೌರವಾರ್ಥ ನೃತ್ಯಕೂಟ ನಡೆದದ್ದು ಅದೇ ಫಿಲೇಚರಿನಲ್ಲಿ. (ನಮಗೂ ಒಬ್ಬ ವಾಷಿಂಗ್ಟನ್ ಇದ್ದರು. 1910ರ ದಶಕದಲ್ಲಿ ಮೈಸೂರು ಸಂಸ್ಥಾನ ರೇಷ್ಮೆ ಸುಧಾರಣೆಗೆ ಕರೆಸಿಕೊಂಡ ಇಟಲಿಯ ತಜ್ಞರ ಹೆಸರು ವಾಷಿಂಗ್ಟನ್ ಮಾರಿ. ರಸಪ್ರಶ್ನೆಗೆ ಒಳ್ಳೆಯ ಪ್ರಶ್ನೆ!)

ಮಸಾಚುಸೆಟ್ಸ್ ರಾಜ್ಯದ ಕಥೆ ಇನ್ನೂ ಕೆಟ್ಟದ್ದು. 1860ರ ದಶಕದ ಕೊನೆಯಲ್ಲಿ ಟ್ರೂವೆಲೊ ಎಂಬ ಫ್ರೆಂಚ್ ಮೂಲದವರು ರೇಷ್ಮೆಯ ಪ್ರಯೋಗಕ್ಕೆಂದು ಯೂರೋಪಿನಿಂದ ಬೇರೊಂದು ಜಾತಿಯ ಪತಂಗವನ್ನು ತಂದು ಮನೆಯ ಹಿಂದೆ ಸಾಕಿದರು. ಕೆಲವು ತಪ್ಪಿಸಿಕೊಂಡವು. ರೇಷ್ಮೆ ಬರಲಿಲ್ಲ. ಆ ಪತಂಗದ ಹುಳುಗಳು ಇಂದಿಗೂ ಅಮೆರಿಕದ ಕಾಡುಗಳ ಎಲೆಗಳನ್ನು ಬೋಳಿಸುತ್ತಿವೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ. ವರ್ಷವಿಡೀ ಸೊಪ್ಪು ಚಿಗುರುತ್ತದೆ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುತ್ತೇವೆ. ಭಾರತದಲ್ಲಿ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಕರ್ನಾಟಕದ್ದು. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹೆಸರು ರಾಮನಗರದ ಜೊತೆ ಎಲ್ಲರ ಬಾಯಲ್ಲೂ ಇದೆ. ಜಾರ್ಜಿಯಾದವರು ಮುದ್ರೆ ಮಾಡಿಟ್ಟುಕೊಂಡರು, ಹುಳು ಸಿಗಲಿಲ್ಲ. ನಮಗೆ ಹುಳು ಸಿಕ್ಕಿದೆ, ನಮ್ಮ ಮಕ್ಕಳು ಅದರ ಹೆಸರು ಹೇಳಲು ನಾಚುತ್ತಾರೆ. ವಿಸ್ಕಾನ್ಸಿನ್‌ನ ಬಿಲವಾಸಿ ಕೂಲಿಗಳ ಕಥೆ ಈಗ ನೆನಪಾಯಿತೇ?

ಹಿರಿಯರಲ್ಲಿ ಒಂದು ವಿನಂತಿ ಇದೆ, ಕಟುವೆನಿಸಿದರೆ ಕ್ಷಮಿಸಿ. ಕಸುಬು ಹೆಮ್ಮೆಯದು ಎಂದು ನಾನು ಹೇಳಿದ್ದನ್ನು ಮಗುವನ್ನು ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಲು ನೆಪ ಮಾಡಿಕೊಳ್ಳಬೇಡಿ. ಗೂಡಿನ ದರ ಏರಿದ ತಿಂಗಳಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುವುದನ್ನು ನಾನು ಕಂಡಿದ್ದೇನೆ. ಎಳೆಯ ಕೈಗಳು ಆ ಬಿಸಿನೀರಿಗಲ್ಲ. ಹುಳುವಿನ ರೋಗ, ಊಜಿ ನೊಣದ ಕಾಟ, ಯಂತ್ರದ ರಿಪೇರಿ, ಮಾರುಕಟ್ಟೆಯ ಲೆಕ್ಕ, ಇವಕ್ಕೆಲ್ಲ ಓದಿದವರು ಬೇಕು. ಆ ಓದಿದವರು ನಮ್ಮ ಗಲ್ಲಿಯಿಂದಲೇ ಬರಲಿ.

ಆ ಹುಡುಗ ಏನಾದ ಎಂದು ಕೇಳುತ್ತೀರಿ. ಪ್ರಬಂಧದ ಮರುವಾರ ನಾನು ಅವನಿಗೆ ಒಂದು ಪೀರಿಯಡ್ ಬಿಟ್ಟುಕೊಟ್ಟೆ. ಅವನು ಪ್ಲಾಸ್ಟಿಕ್ ಚೀಲದಲ್ಲಿ ಆರು ಗೂಡು, ಸ್ಟೀಲ್ ಡಬ್ಬಿಯಲ್ಲಿ ಬಿಸಿನೀರು ತಂದಿದ್ದ. ಮೊದಲ ಎರಡು ನಿಮಿಷ ಬಾಯೇ ಬರಲಿಲ್ಲ. ಆಮೇಲೆ ಎಳೆಯ ತುದಿ ಹಿಡಿದು, ಒಬ್ಬೊಬ್ಬರ ಕೈಗೆ ಕೊಡುತ್ತಾ ಬೆಂಚಿನಿಂದ ಬೆಂಚಿಗೆ ಹೋದ. ಕಾಂಗರೂ ಬರೆದ ಹತ್ತೊಂಬತ್ತು ಮಂದಿಯೂ ಕೈ ಚಾಚಿದರು. ಎಳೆ ತರಗತಿಯನ್ನು ಸುತ್ತಿ, ಬಾಗಿಲು ದಾಟಿ, ವರಾಂಡದಲ್ಲಿ ಹೆಡ್‌ಮಾಸ್ಟರ್ ಕೋಣೆಯವರೆಗೆ ಹೋಯಿತು. ಗೂಡು ಇನ್ನೂ ಡಬ್ಬಿಯಲ್ಲಿ ಕುಣಿಯುತ್ತಲೇ ಇತ್ತು. ಗಂಟೆ ಹೊಡೆದ ಮೇಲೆ ನಾನು ಜಾರ್ಜಿಯಾದ ಕಥೆ ಹೇಳಿದಾಗ ಅವನು ಎಲ್ಲವನ್ನೂ ಕೇಳಿಸಿಕೊಂಡು, ಚೀಲ ಮಡಚುತ್ತಾ ಅಂದ:

"ಅವರು ಹುಳಕ್ಕೆ ಸೊಪ್ಪು ಎಷ್ಟು ಹೊತ್ತಿಗೊಂದು ಸಲ ಹಾಕ್ತಿದ್ರು ಮಿಸ್? ಅದನ್ನ ಬರೆದಿಲ್ವಾ?"