ತೌಬಾ ಮಾಡಿ ಬಂದವನಿಗೆ ಬಾಗಿಲು ಮುಚ್ಚಬೇಡಿ
(ಚಿಕ್ಕಜಾಜೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಕಳೆದ ವಾರ ಒಬ್ಬ ತಾಯಿ ಪ್ರಶ್ನೆಯೊಂದನ್ನು ಕಳುಹಿಸಿದ್ದರು. ಮಗ ಕೆಟ್ಟ ಸಹವಾಸದಿಂದ ಕುಡಿತ, ನಶೆಯ ಗುಳಿಗೆಗಳ ಚಟಕ್ಕೆ ಬಿದ್ದಿದ್ದ. ಜೊತೆಗೆ ಖಿನ್ನತೆಯೂ ಕಾಡಿತು. ಚಿಕಿತ್ಸೆ ಪಡೆದ ಮೇಲೆ ಎರಡು ವರ್ಷಗಳಿಂದ ನಶೆ ಮುಟ್ಟಿಲ್ಲ. ಈಗ ನರ್ಸಿಂಗ್ ಓದಬೇಕೆನ್ನುತ್ತಾನೆ. "ಇವನ ಕೈಗೆ ರೋಗಿಗಳನ್ನು ಒಪ್ಪಿಸಬಹುದೇ? ಜನ ಏನನ್ನುತ್ತಾರೆ?" ಎಂಬುದು ಆ ತಾಯಿಯ ಚಿಂತೆ.

ಆ ಮನೆ ಯಾವುದೆಂದು ಹುಡುಕಬೇಡಿ. ಇನ್ನೊಬ್ಬರ ಕುಂದನ್ನು ಮುಚ್ಚಿಟ್ಟವನ ಕುಂದನ್ನು ಅಲ್ಲಾಹನು ಮುಚ್ಚಿಡುವನೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಮಾದಕ ವಸ್ತು ಹರಾಮ್. ಇದರಲ್ಲಿ ಸಡಿಲಿಕೆ ಇಲ್ಲ. ಆದರೆ ಬುಖಾರಿಯಲ್ಲಿ ವರದಿಯಾದ ಒಂದು ಘಟನೆ ನೋಡಿ. ಅಬ್ದುಲ್ಲಾ ಎಂಬವರು ಮತ್ತೆ ಮತ್ತೆ ಕುಡಿದು ಸಿಕ್ಕಿಬೀಳುತ್ತಿದ್ದರು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತನ ಹೃದಯದಲ್ಲಿ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಪ್ರೀತಿ ಇದೆ ಎಂದರು. ಚಟ ಬಿಡದವರನ್ನೇ ಶಪಿಸಬಾರದು ಎಂದಮೇಲೆ, ಬಿಟ್ಟು ಬಂದವನನ್ನು ಹೀಯಾಳಿಸಲು ನಾವು ಯಾರು?

ಖಿನ್ನತೆ ಬಂದರೆ "ಈಮಾನ್ ಕಡಿಮೆ" ಎನ್ನುವವರಿದ್ದಾರೆ. ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಕುರ್‌ಆನ್ (12:84) ಹೇಳುತ್ತದೆ. ಅವರ ಈಮಾನ್ ಕಡಿಮೆಯಿತ್ತೇ? ಶುಗರ್, ಬಿಪಿಯಂತೆ ಇದಕ್ಕೂ ಚಿಕಿತ್ಸೆಯಿದೆ. ದುಆ ಮಾಡಿ, ಔಷಧಿಯನ್ನೂ ತೆಗೆದುಕೊಳ್ಳಿ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ.

ಇನ್ನು ಶುಶ್ರೂಷೆ. ಅಹ್‌ಝಾಬ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರಿಗಾಗಿ ಮದೀನಾದ ಮಸೀದಿಯಲ್ಲೇ ಡೇರೆ ಹಾಕಲಾಗಿತ್ತು. ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ(ರ). ಇದು ಮಸೀದಿಯೊಳಗೇ ಗೌರವ ಪಡೆದ ಕೆಲಸ. ನೋವೇನೆಂದು ತಾನೇ ಅನುಭವಿಸಿದವನು ರೋಗಿಯ ನೋವನ್ನು ಬೇಗ ಅರಿಯಬಲ್ಲ.

ಆದರೂ ತಾಯಿಯ ಮೊದಲ ಪ್ರಶ್ನೆ ನ್ಯಾಯವಾದದ್ದೇ. ರೋಗಿಯ ಜೀವ ಅಮಾನತ್. ವಾರ್ಡಿನಲ್ಲಿ ನೋವಿನ ಇಂಜೆಕ್ಷನ್, ನಿದ್ರೆ ಗುಳಿಗೆಗಳು ಕೈಗೆಟುಕುವಂತಿರುತ್ತವೆ. ನೈಟ್ ಡ್ಯೂಟಿ ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟರೆ ಖಿನ್ನತೆ ಮರಳಬಹುದು. ಆದ್ದರಿಂದ ಆ ಯುವಕನಿಗೆ ನನ್ನ ಮಾತು: ಮಗನೇ, ಸೇರುವ ಮುನ್ನ ಚಿಕಿತ್ಸೆ ಕೊಟ್ಟ ವೈದ್ಯರ ಅಭಿಪ್ರಾಯ ಕೇಳು. ಓದುವಾಗಲೂ ಅವರ ಬಳಿ ಹೋಗುತ್ತಿರು. ನಂಬಿಕಸ್ಥರೊಬ್ಬರಿಗೆ ಎಲ್ಲವನ್ನೂ ಹೇಳಿಡು. ಮನಸ್ಸು ಜಾರುವಂತಾದರೆ ಮುಚ್ಚಿಡದೆ ಅಂದೇ ಹೇಳು. ರೋಗಿಗೆ ತೊಂದರೆಯಾಗುವಂತಿದ್ದರೆ ಕೆಲಸದಿಂದ ಸ್ವಲ್ಪ ಕಾಲ ದೂರವಿರು. ಅದು ಸೋಲಲ್ಲ, ಅಮಾನತ್ತಿನ ರಕ್ಷಣೆ.

ಜಮಾಅತ್ತಿಗೂ ಜವಾಬ್ದಾರಿಯಿದೆ. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಬಡ ಮನೆಯವನಾದರೆ ಫೀಸಿಗೆ ನೆರವಾಗಿ. ಮದುವೆ ಮಾತಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಹಳೆಯದನ್ನು ಕೆದಕಬೇಡಿ.

ಇನ್ನೂ ಚಟದಲ್ಲಿರುವವರೇ, ಇಂದೇ ಹೆಜ್ಜೆಯಿಡಿ. ಬಹುಕಾಲದ ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ, ವೈದ್ಯರ ನೆರವಿನಿಂದ ಬಿಡಿ. ಸರಕಾರದ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಿದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಅಲ್ಲಾಹನು ನಮ್ಮ ಮಕ್ಕಳನ್ನು ನಶೆಯಿಂದ ಕಾಪಾಡಲಿ. ಮರಳಿ ಬಂದವರನ್ನು ಸ್ಥಿರವಾಗಿಡಲಿ. ಅವರ ಕೈಗಳಿಂದ ರೋಗಿಗಳಿಗೆ ಶಮನ ನೀಡಲಿ. ಆಮೀನ್.