ಉಚಿತವಾದುದೆಲ್ಲ ಮುಕ್ತವಲ್ಲ

(ಕಂಪ್ಯೂಟರ್ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ತಂತ್ರಜ್ಞರಲ್ಲ, ಭಾಷೆ, ಚರಿತ್ರೆಗಳನ್ನು ಓದಿ ಪತ್ರಿಕಾ ವೃತ್ತಿಗೆ ಬಂದವರು. ಆದರೂ ಈ ವಿಷಯದ ಕುರಿತು ಮಾತನಾಡಲು ಒಪ್ಪಿಕೊಂಡುದಕ್ಕೆ ಕಾರಣವಿದೆ. ಹಿಂದೊಮ್ಮೆ ನಾವು ಹಳೆಯ ಕನ್ನಡ ಫಾಂಟೊಂದರಲ್ಲಿ ಟೈಪ್ ಮಾಡಿಟ್ಟಿದ್ದ ಲೇಖನಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರೆದವರು ನಾವು, ಬರಹವೂ ನಮ್ಮದು. ಅದನ್ನು ಓದುವ ಕೀಲಿಕೈ ಮಾತ್ರ ನಮ್ಮ ಬಳಿ ಇರಲಿಲ್ಲ. ಅಂದು ಕಲಿತ ಪಾಠವೇ ಇಂದಿನ ಮಾತಿಗೆ ಪ್ರೇರಣೆ.

ತಂತ್ರಾಂಶ ರಚಿಸುವ ಅನೇಕರು ತಮ್ಮ ಕೆಲಸದ ಒಂದು ಭಾಗವನ್ನು ಟರ್ಮಿನಲ್ ಎಂಬ ಪರದೆಯಲ್ಲಿ ಮಾಡುತ್ತಾರೆ. ಅಲ್ಲಿ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಆಜ್ಞೆಯನ್ನು ಟೈಪ್ ಮಾಡಬೇಕು, ಯಂತ್ರವು ಅದನ್ನು ಪಾಲಿಸಬೇಕು. ಅಲ್ಲಿ ಬಳಸುವ ಸಾಧನಗಳಲ್ಲಿ ಎರಡು ಬಗೆ. ಒಂದು, ಮೂಲ ಸಂಕೇತವನ್ನು ಯಾರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶ. ಇನ್ನೊಂದು, ಆ ಹಕ್ಕುಗಳನ್ನು ಕಂಪೆನಿಯೇ ಇಟ್ಟುಕೊಳ್ಳುವ ಒಡೆತನದ ತಂತ್ರಾಂಶ. ಎರಡರಲ್ಲಿ ಯಾವುದನ್ನು ಆರಿಸಬೇಕು?

ಈ ಪ್ರಶ್ನೆಗೆ ಚರಿತ್ರೆಯೇ ಒಂದು ಉತ್ತರ ಕೊಟ್ಟಿದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಜಗತ್ತಿನ ಅತಿದೊಡ್ಡ ಮುಕ್ತ ತಂತ್ರಾಂಶ ಯೋಜನೆಗಳಲ್ಲೊಂದಾಗಿ ಬೆಳೆಯಿತು. ಅನೇಕರು ಕಳುಹಿಸುವ ತಿದ್ದುಪಡಿಗಳ ಲೆಕ್ಕವಿಡಲು ಅವರು 2002ರಲ್ಲಿ ಬಿಟ್‌ಕೀಪರ್ ಎಂಬ ಸಾಧನವನ್ನು ಸ್ವೀಕರಿಸಿದರು. ಅದು ಬಿಟ್‌ಮೂವರ್ ಕಂಪೆನಿಯ ಒಡೆತನದ್ದು. ಸಾಧನ ಉತ್ತಮವಾಗಿತ್ತು, ಮುಕ್ತ ತಂತ್ರಾಂಶದವರಿಗೆ ಉಚಿತವಾಗಿಯೂ ಸಿಗುತ್ತಿತ್ತು. ಆದರೆ ಒಂದು ಷರತ್ತಿತ್ತು: ಉಚಿತವಾಗಿ ಬಳಸುವವರು ಅದಕ್ಕೆ ಪ್ರತಿಸ್ಪರ್ಧಿಯಾಗುವ ಸಾಧನವನ್ನು ರಚಿಸಬಾರದು. ಮುಕ್ತ ತಂತ್ರಾಂಶ ಚಳವಳಿಯ ನಾಯಕ ರಿಚರ್ಡ್ ಸ್ಟಾಲ್ಮನ್ ಮೊದಲಾದವರು ಇದನ್ನು ಆಕ್ಷೇಪಿಸಿದರು. ಸೌಕರ್ಯದ ಮುಂದೆ ಆ ಮಾತು ಹಲವರಿಗೆ ಹಟದಂತೆ ಕಂಡಿತು.

2005ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ತಂತ್ರಜ್ಞರು ಬಿಟ್‌ಕೀಪರ್‌ನೊಂದಿಗೆ ಮಾತನಾಡಬಲ್ಲ ಬೇರೊಂದು ಪ್ರೋಗ್ರಾಮ್ ಬರೆಯಲು ಹೊರಟರು. ಕಂಪೆನಿ ಮುನಿಯಿತು, ಉಚಿತ ಸೌಲಭ್ಯವನ್ನೇ ಹಿಂತೆಗೆದುಕೊಂಡಿತು. ಮೂರು ವರ್ಷ ಅದನ್ನೇ ನಂಬಿದ್ದ ಯೋಜನೆ ಆಸರೆ ಕಳೆದುಕೊಂಡಿತು. ಆಗ ಟೋರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್ 3ರಂದು ತಾವೇ ಹೊಸ ಸಾಧನ ಬರೆಯತೊಡಗಿದರು. ಅದುವೇ ಗಿಟ್. ಇಂದು ಯಾವ ದೇಶದಲ್ಲಿ ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಯೂ ಗಿಟ್ ಕಲಿಯದೆ ಮುಂದೆ ಹೋಗುವುದು ಕಷ್ಟ. ಬಿಟ್‌ಕೀಪರ್ ಕೂಡ 2016ರಲ್ಲಿ ಮುಕ್ತವಾಯಿತು. ಆದರೆ ಅಷ್ಟರಲ್ಲಿ ಕಾಲ ಮುಂದೆ ಸಾಗಿತ್ತು.

ಉಚಿತವಾದುದು ಇನ್ನೊಬ್ಬರ ಔದಾರ್ಯ. ಮುಕ್ತವಾದುದು ನಿಮ್ಮ ಹಕ್ಕು. ಔದಾರ್ಯವನ್ನು ಹಿಂಪಡೆಯಬಹುದು. ಟರ್ಮಿನಲ್‌ನಲ್ಲಿ ಮುಂದಿನ ಪದವನ್ನು ಸೂಚಿಸುತ್ತಿದ್ದ ಫಿಗ್ ಎಂಬ ಸಾಧನವನ್ನು 2023ರಲ್ಲಿ ಅಮೆಜಾನ್ ಕೊಂಡುಕೊಂಡಿತು. 2024ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿಯೇ ಹೋಯಿತು. ಬಳಸುತ್ತಿದ್ದವರು ಕಂಪೆನಿ ತೋರಿಸಿದ ದಾರಿ ಹಿಡಿಯಬೇಕಾಯಿತು, ಇಲ್ಲವೇ ಬೇರೆ ಸಾಧನ ಹುಡುಕಬೇಕಾಯಿತು. ಇದಕ್ಕೆ ವಿರುದ್ಧವಾಗಿ, 2023ರ ಆಗಸ್ಟಿನಲ್ಲಿ ಹ್ಯಾಶಿಕಾರ್ಪ್ ಕಂಪೆನಿ ಟೆರಾಫಾರ್ಮ್‌ನ ಮುಕ್ತ ಪರವಾನಗಿಯನ್ನು ಬದಲಿಸಿದಾಗ, ಬಳಕೆದಾರರು ಹಿಂದಿನ ಮುಕ್ತ ಆವೃತ್ತಿಯನ್ನೇ ಎತ್ತಿಕೊಂಡು ಓಪನ್‌ಟೋಫು ಎಂಬ ಹೆಸರಿನಲ್ಲಿ ಮುಂದುವರಿಸಿದರು. ಒಮ್ಮೆ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳಲು ಸಾಧ್ಯವಾಗಲಿಲ್ಲ.

ಹಾಗಾದರೆ ಮುಕ್ತವಾದುದೆಲ್ಲ ಸುರಕ್ಷಿತವೇ? ಖಂಡಿತ ಅಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದೊಳಗೆ ಕಳ್ಳಬಾಗಿಲೊಂದು ಪತ್ತೆಯಾಯಿತು. ಅದನ್ನು ಹೆಚ್ಚುಕಡಿಮೆ ಒಬ್ಬರೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ನೆರವಿನ ನೆಪದಲ್ಲಿ ಬಂದ ಒಬ್ಬಾತ ವರ್ಷಗಳ ಕಾಲ ವಿಶ್ವಾಸ ಗಳಿಸಿ ದ್ರೋಹ ಬಗೆದಿದ್ದ. ಸರ್ವರ್‌ಗೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆಯೇಕೆ ಎಂದು ಕೆದಕಿದ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರರ ಎಚ್ಚರದಿಂದ ಅನಾಹುತ ತಪ್ಪಿತು. ಅವರು ದುಡಿಯುತ್ತಿದ್ದುದು ಮೈಕ್ರೋಸಾಫ್ಟ್ ಕಂಪೆನಿಯಲ್ಲಿ! ಬಾಗಿಲು ತೆರೆದಿದ್ದರಷ್ಟೇ ಸಾಲದು, ಒಳಗೆ ಇಣುಕಿ ನೋಡುವವರೂ ಬೇಕು. ಎಲ್ಲರೂ ಬಳಸುವ ಬಾವಿಯನ್ನು ಒಬ್ಬನೇ ಶುಚಿಗೊಳಿಸಬೇಕೆಂದರೆ ಅದು ಅನ್ಯಾಯವಲ್ಲವೇ?

ಹೆತ್ತವರೇ, ಹಣ ಕೊಟ್ಟು ತಂತ್ರಾಂಶ ಕೊಳ್ಳುವುದು ತಪ್ಪಲ್ಲ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಕದ್ದ ಪ್ರತಿಯನ್ನು ಮಕ್ಕಳ ಕೈಗಿತ್ತು ಪ್ರಾಮಾಣಿಕತೆಯ ಪಾಠ ಹೇಳುವುದು ಮಾತ್ರ ತಪ್ಪು. ಮುಕ್ತ ಸಾಧನಗಳಿರುವಾಗ ಆ ಅಗತ್ಯವೂ ಇಲ್ಲ. 1989ರಲ್ಲಿ ಬಂದ ಬ್ಯಾಷ್ ಇಂದಿಗೂ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದಕ್ಕೆ ಚಂದಾ ಕಟ್ಟಬೇಕಿಲ್ಲ.

ವಿದ್ಯಾರ್ಥಿಗಳೇ, ಯಾವುದೇ ಸಾಧನವನ್ನು ಆರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಾಳೆ ಈ ಕಂಪೆನಿ ಮುಚ್ಚಿದರೆ ನನ್ನ ಕೆಲಸ ನನ್ನ ಬಳಿ ಉಳಿಯುವುದೇ? ನಾನು ಟೈಪ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ? ಇದರ ಉಸ್ತುವಾರಿ ಯಾರದು, ಎಷ್ಟು ಜನರದು? ಕೃತಕ ಬುದ್ಧಿಮತ್ತೆಯ ನೆರವು ನೀಡುವ ಅನೇಕ ಸಾಧನಗಳು ನಮ್ಮ ಮಾತನ್ನು ದೂರದ ಸರ್ವರ್‌ಗೆ ಕಳುಹಿಸಿಯೇ ಉತ್ತರ ತರುವ ಈ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್‌ಗಳೂ ಹಾದುಹೋಗುತ್ತವೆ ಎಂಬುದನ್ನು ಮರೆಯದಿರಿ.

ಕಲಿಕೆಯನ್ನು ಮುಕ್ತ ಸಾಧನಗಳಿಂದ ಆರಂಭಿಸಿ. ಉದ್ಯೋಗದಾತರು ಒಡೆತನದ ಸಾಧನ ಕೊಟ್ಟರೆ ಅದನ್ನೂ ಬಳಸಿ, ಆದರೆ ಅದಿಲ್ಲದೆಯೂ ಕೆಲಸ ಮಾಡಬಲ್ಲವರಾಗಿರಿ. ಸಾಧ್ಯವಾದಾಗ ಒಂದು ದೋಷವನ್ನು ತಿದ್ದಿ ಕಳುಹಿಸಿ, ಒಂದು ವಿವರಣೆಯನ್ನು ಕನ್ನಡಕ್ಕೆ ತನ್ನಿ. ಬಾವಿಯ ನೀರು ಕುಡಿದವರ ಮೇಲೆ ಅದರ ಹೂಳೆತ್ತುವ ಹೊಣೆಯೂ ಇದೆ.