ಹಳೆಯ ಲಾರಿಗೆ ಬದಲಿ ಡೀಸೆಲ್ ಟ್ಯಾಂಕು
(ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಕಡೆಯ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ಕೀಟ ಹತೋಟಿಯ ವಿಚಾರವನ್ನು ನಾವು ಮೇಲಿಂದ ಮೇಲೆ ಮಾತನಾಡುತ್ತೇವೆ. ಬೆಳೆದ ಮಾಲನ್ನು ಮಾರುಕಟ್ಟೆಗೆ ಮುಟ್ಟಿಸುವ ಲಾರಿಯ ವಿಚಾರ ಮಾತನಾಡುವುದು ಅಪರೂಪ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ತೆಂಗು, ಅಡಿಕೆ, ರಾಗಿ, ತರಕಾರಿಗಳು ತುಮಕೂರು ನಗರಕ್ಕೂ, ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಗೂ ಸಾಗುವುದು ಬಹುಮಟ್ಟಿಗೆ ಲಾರಿಗಳಲ್ಲಿಯೇ. ಹಿಂದಿರುಗುವಾಗ ಅದೇ ಲಾರಿ ಗೊಬ್ಬರ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ಕೆರೆಯ ಗೋಡು ಹೊಡೆಯುತ್ತದೆ. ಹೀಗೆ ಹದಿನೈದು ಇಪ್ಪತ್ತು ವರ್ಷ ದುಡಿದ ಲಾರಿಯಲ್ಲಿ ಎಂಜಿನ್ನು ಗಟ್ಟಿಮುಟ್ಟಾಗಿದ್ದರೂ ಡೀಸೆಲ್ ಟ್ಯಾಂಕು ಸೋರತೊಡಗುವುದುಂಟು.

“ಸೋರಿದರೆ ಏನಾಯಿತು, ಒಂದು ವೆಲ್ಡಿಂಗು ಹಾಕಿಸಿದರೆ ಸರಿ” ಎನ್ನುವವರು ಬಹಳ ಮಂದಿ. ಪ್ರಾಣಕ್ಕೆ ಸಂಚಕಾರ ತರುವ ಮಾತು ಇದು. ತೂತಾದ ಟ್ಯಾಂಕಿಗೆ ತೇಪೆ ಹಾಕಿಸುವ ಬದಲು ಬೇರೆ ಟ್ಯಾಂಕನ್ನೇ ಜೋಡಿಸಬೇಕು. ಏಕೆ ಮತ್ತು ಹೇಗೆ ಎಂಬುದನ್ನು ಈಗ ನೋಡೋಣ.

ಟ್ಯಾಂಕು ತೂತಾಗಲು ಕಾರಣಗಳು

ಟ್ಯಾಂಕಿಗೆ ತುಕ್ಕು ಹಿಡಿಯುವುದು ಹೊರಗಿನಿಂದಲೂ ಹೌದು, ಒಳಗಿನಿಂದಲೂ ಹೌದು. ಟ್ಯಾಂಕನ್ನು ಬಿಗಿದಿರುವ ಕಬ್ಬಿಣದ ಪಟ್ಟಿಗಳ ಅಡಿಯಲ್ಲಿ ಕೆಸರು ಸೇರಿಕೊಂಡು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಅಮೋನಿಯಂ ಸಲ್ಫೇಟು, ಪೊಟ್ಯಾಷು ಮುಂತಾದ ಗೊಬ್ಬರಗಳು ಚೀಲದಿಂದ ಉದುರಿ ಅಲ್ಲಿ ಸೇರಿದರೆ ತುಕ್ಕು ಇನ್ನೂ ಬೇಗ ತಿನ್ನುತ್ತದೆ. ಒಳಗಡೆ, ಅರ್ಧ ಖಾಲಿಯಿರುವ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ತಳಕ್ಕೆ ಇಳಿದು ಅಲ್ಲಿಂದ ತಗಡನ್ನು ತಿನ್ನುತ್ತದೆ.

ಸಣ್ಣ ಸೋರಿಕೆಯೆಂದು ಅಲಕ್ಷ್ಯ ಮಾಡಬಾರದು. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಹಗಲು ರಾತ್ರಿ ಸೇರಿ ಸುಮಾರು 2 ಲೀಟರು ಡೀಸೆಲ್ ಮಣ್ಣುಪಾಲಾಗುತ್ತದೆ. ರಸ್ತೆಯ ತಿರುವಿನಲ್ಲಿ ಚೆಲ್ಲಿದರೆ ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ. ದಾರಿಯಲ್ಲಿ ಸೋರಿಕೆ ಕಂಡಾಗ ಚಾಲಕರು ಬಟ್ಟೆ ಸೋಪನ್ನು ಉಜ್ಜಿ ತಡೆಯುವುದುಂಟು. ಗ್ಯಾರೇಜು ಮುಟ್ಟುವವರೆಗೆ ಅದು ಸಾಕು; ತಿಂಗಳುಗಟ್ಟಲೆ ಅದನ್ನೇ ನೆಚ್ಚಬಾರದು.

ಖಾಲಿ ಟ್ಯಾಂಕೇ ಹೆಚ್ಚು ಅಪಾಯ

ಹೊತ್ತಿಕೊಳ್ಳುವುದು ಡೀಸೆಲ್ ದ್ರವವಲ್ಲ, ಅದರ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ. ಖಾಲಿ ಮಾಡಿದ ಟ್ಯಾಂಕಿನ ತುಂಬ ಆವಿಯೂ ಗಾಳಿಯೂ ಬೆರೆತಿರುತ್ತವೆ. ಭಾರತೀಯ ಮಾನಕದಂತೆ ಡೀಸೆಲ್ಲಿನ ಜ್ವಲನ ಬಿಂದು ಕನಿಷ್ಠ 35 ಡಿಗ್ರಿ ಸೆಂಟಿಗ್ರೇಡು ಇರಬೇಕು. ಅಂದರೆ ಅಷ್ಟು ಬಿಸಿಯಿಂದ ಮೇಲಕ್ಕೆ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಂತ ತಗಡು ಇದಕ್ಕಿಂತ ಹೆಚ್ಚು ಕಾಯುತ್ತದೆ. ವೆಲ್ಡಿಂಗಿನ ಶಾಖದ ಮಾತಂತೂ ಹೇಳಬೇಕಾಗಿಯೇ ಇಲ್ಲ.

“ನೀರಿನಲ್ಲಿ ಚೆನ್ನಾಗಿ ತೊಳೆದಿದ್ದೇವೆ, ಎರಡು ದಿನ ಬಿಸಿಲಿಗೆ ಇಟ್ಟಿದ್ದೇವೆ” ಎನ್ನಬಹುದು. ಅದು ಸಾಲದು. ಟ್ಯಾಂಕಿನ ಮಡಿಕೆಗಳಲ್ಲಿ, ಒಳಗಿನ ಅಡ್ಡ ತಗಡುಗಳ ಸಂದಿಯಲ್ಲಿ, ತುಕ್ಕಿನ ಹಕ್ಕಳೆಯ ಅಡಿಯಲ್ಲಿ ಎಣ್ಣೆ ಉಳಿದೇ ಇರುತ್ತದೆ. ಶಾಖ ತಾಗಿದೊಡನೆ ಅದು ಆವಿಯಾಗಿ, ಮುಚ್ಚಿದ ಡಬ್ಬದೊಳಗೆ ಒಮ್ಮೆಲೇ ಉರಿದು, ಟ್ಯಾಂಕು ಸಿಡಿಯುತ್ತದೆ. ಮುಂದೆ ಕುಳಿತ ವೆಲ್ಡಿಂಗಿನವನಿಗೆ ಎದ್ದು ಓಡಲು ಸಮಯವಿರುವುದಿಲ್ಲ. ಉಗಿಯಿಂದ ಶುದ್ಧಮಾಡಿ, ಆವಿಯ ಪರೀಕ್ಷೆ ನಡೆಸಿ ಬೆಸೆಯುವ ಕ್ರಮವಿದೆ; ಆದರೆ ಅದಕ್ಕೆ ಬೇಕಾದ ಸಾಧನ ರಸ್ತೆ ಬದಿಯ ಅಂಗಡಿಯಲ್ಲಿ ಇರುವುದಿಲ್ಲ.

ಹಳೆಯ ಟ್ಯಾಂಕನ್ನು ಸೀಳಿ ದನಗಳಿಗೆ ನೀರಿಡುವ ತೊಟ್ಟಿ ಮಾಡಿಕೊಳ್ಳುವ ಆಸೆಯೂ ಬೇಡ. ಗ್ಯಾಸ್ ಕಟರಿನಿಂದ ಸೀಳಿದರೂ ಇದೇ ಅಪಾಯ. ಗುಜರಿಗೆ ಹಾಕುವಾಗ ಅದು ಡೀಸೆಲ್ ಟ್ಯಾಂಕೆಂದು ಬಾಯಿಬಿಟ್ಟು ಹೇಳಿರಿ.

ಬದಲಿ ಟ್ಯಾಂಕಿನ ಆಯ್ಕೆ

ಅದೇ ಮಾದರಿಯ ಲಾರಿಗೆ ಮಾಡಿದ, ಅದೇ ಅಳತೆಯ ಟ್ಯಾಂಕನ್ನೇ ಕೊಳ್ಳುವುದು ಉತ್ತಮ. 100 ಲೀಟರು ಡೀಸೆಲ್ಲಿನ ತೂಕವೇ ಸುಮಾರು 83 ಕಿಲೋ. ದೊಡ್ಡ ಟ್ಯಾಂಕು ಹಾಕಿದರೆ ಹಳೆಯ ಬ್ರಾಕೆಟ್ಟುಗಳು ತಡೆಯಲಾರವು. ಸತು ಲೇಪಿಸಿದ ಜಿ.ಐ. ತಗಡಿನಿಂದ ಮಾಡಿಸಲೇಬಾರದು. ಡೀಸೆಲ್ಲು ಸತುವಿನೊಡನೆ ಸೇರಿ ಸಾಬೂನಿನಂಥ ಜಿಗುಟು ಉಂಟಾಗಿ ಫಿಲ್ಟರು ಕಟ್ಟಿಕೊಳ್ಳುತ್ತದೆ. ಗುಜರಿಯ ಟ್ಯಾಂಕು ಕೊಳ್ಳುವುದಾದರೆ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿ. ತಳದಲ್ಲಿ ಕೆಂಪು ಪುಡಿ ಅಥವಾ ಹಳೆಯ ತೇಪೆ ಕಂಡರೆ ಬಿಟ್ಟುಬಿಡಿ.

ಹಳೆಯದನ್ನು ಇಳಿಸುವುದು

ಲಾರಿಯನ್ನು ಒಲೆ, ಬೀಡಿ, ಕಿಡಿಗಳಿಂದ ದೂರ, ಗಾಳಿಯಾಡುವ ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆಗಲ್ಲು ಕೊಡಬೇಕು. ಎಂಜಿನ್ನು ಆರಿದ ಮೇಲೆ ಬ್ಯಾಟರಿಯ ಅರ್ತ್ ತಂತಿಯನ್ನು ಬಿಚ್ಚಬೇಕು. ಡೀಸೆಲ್ಲನ್ನು ತಳದ ಬಿರಡೆಯಿಂದ ಮುಚ್ಚಳವುಳ್ಳ ಶುದ್ಧ ಡಬ್ಬಗಳಿಗೆ ಇಳಿಸಿಕೊಳ್ಳಿ. ಬಾಯಿಯಿಂದ ಎಳೆಯಬೇಡಿ, ಪುಪ್ಪುಸಕ್ಕೆ ಹೋದರೆ ಪ್ರಾಣಾಪಾಯ.

ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆ ಒಂದು, ಹೆಚ್ಚಾದ ಡೀಸೆಲ್ಲನ್ನು ಹಿಂದಕ್ಕೆ ತರುವ ಕೊಳವೆ ಇನ್ನೊಂದು. ಬಿಚ್ಚುವ ಮೊದಲೇ ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಬಿಚ್ಚಿದ ತುದಿಗಳನ್ನು ಶುದ್ಧ ಬಟ್ಟೆಯಿಂದ ಮುಚ್ಚಿ. ಟ್ಯಾಂಕಿನ ಅಡಿಗೆ ಹಲಗೆಯಿಟ್ಟು ಜಾಕಿ ಕೊಟ್ಟ ಮೇಲೆಯೇ ಪಟ್ಟಿಗಳ ಬೋಲ್ಟುಗಳನ್ನು ಸಡಿಲಿಸಬೇಕು. ಬ್ರಾಕೆಟ್ಟಿಗೋ ಚಾಸಿಗೋ ವೆಲ್ಡಿಂಗು ಬೇಕಾಗಿದ್ದರೆ ಹಳೆಯ ಟ್ಯಾಂಕನ್ನೂ ಡಬ್ಬಗಳನ್ನೂ ದೂರ ಸಾಗಿಸಿ, ಹೊಸ ಟ್ಯಾಂಕು ತರುವ ಮೊದಲೇ ಅದನ್ನು ಮುಗಿಸಿ.

ಹೊಸದನ್ನು ಕೂರಿಸುವುದು

ಎರಡು ಮೂರು ಲೀಟರು ಶುದ್ಧ ಡೀಸೆಲ್ ಹಾಕಿ, ಅಲುಗಾಡಿಸಿ, ಚೆಲ್ಲುವ ಡೀಸೆಲ್ಲು ತಿಳಿಯಾಗುವವರೆಗೂ ತೊಳೆಯಬೇಕು. ನೀರು ಬೇಡ, ಎಳೆ ಬಿಡುವ ಹತ್ತಿಯ ವೇಸ್ಟೂ ಬೇಡ. ಈ ಶುದ್ಧಿಯ ಮಹತ್ವ ಅರಿಯಬೇಕಾದರೆ ಡೀಸೆಲ್ ಪಂಪನ್ನು ನೆನೆಯಿರಿ. ನಮ್ಮ ಮೇಸ್ತ್ರಿಗಳು ಇಂದಿಗೂ ‘ಮೈಕೋ ಪಂಪು’ ಎನ್ನುವುದು, 1951ರಲ್ಲಿ ಆರಂಭವಾದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಕಂಪನಿಯ ಪಂಪಿಗೆ. ಅಂಥ ಪಂಪಿನೊಳಗಿನ ಪ್ಲಂಜರಿಗೂ ಅದರ ಕೊಳವಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ತಲೆಗೂದಲಿಗಿಂತ ಬಹಳ ಸಣ್ಣದು. ಟ್ಯಾಂಕಿನ ಒಂದು ಚಿಟಿಕೆ ತುಕ್ಕಿನ ಪುಡಿ ಅಲ್ಲಿ ಸೇರಿದರೆ, ಪಂಪು ರಿಪೇರಿಯ ಖರ್ಚು ಟ್ಯಾಂಕಿನ ಬೆಲೆಯನ್ನೂ ಮೀರಬಹುದು.

ಡೀಸೆಲ್ಲು ಎಳೆಯುವ ಕೊಳವೆಯ ತುದಿ ತಳದಿಂದ 2–3 ಸೆಂ.ಮೀ. ಮೇಲಿದ್ದರೆ ಕಸರು ಎಂಜಿನ್ನಿನತ್ತ ಹೋಗುವುದಿಲ್ಲ. ಟ್ಯಾಂಕಿಗೂ ಪಟ್ಟಿಗೂ ನಡುವೆ ಎಣ್ಣೆ ತಡೆಯುವ ರಬ್ಬರನ್ನು ಹಾಕಿ. ಹಳೆಯ ಟ್ಯೂಬಿನ ತುಂಡು ಡೀಸೆಲ್ ತಗುಲಿದರೆ ಉಬ್ಬಿ ಮೆತ್ತಗಾಗಿ ಪಟ್ಟಿ ಸಡಿಲವಾಗುತ್ತದೆ. ಕೊಳವೆಯ ಜೋಡಣೆಗೆ ಹೊಸ ತಾಮ್ರದ ವಾಷರು ಬಳಸಿ. ಕೊಳವೆಗಳು ಸೈಲೆನ್ಸರಿಗಾಗಲಿ ಚಾಸಿಯ ಅಂಚಿಗಾಗಲಿ ತಾಗಕೂಡದು. ಡೀಸೆಲ್ ಮುಳ್ಳು ಸರಿಯಾಗಿ ತೋರಿಸಲು ಟ್ಯಾಂಕಿಗೂ ಚಾಸಿಗೂ ಅರ್ತ್ ತಂತಿ ಬೇಕು. ಬಣ್ಣ ಕೆರೆದು ಜೋಡಿಸಿರಿ.

ಮೊದಲು 10 ಲೀಟರು ಮಾತ್ರ ಹಾಕಿ, ಪ್ರತಿಯೊಂದು ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆ ಕಾಣದಿದ್ದರೆ ಅರ್ಧ, ಆಮೇಲೆ ಪೂರ್ತಿ ತುಂಬಿಸಿ. ನಂತರ ಹೊಸ ಫಿಲ್ಟರು ಹಾಕಿ, ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ಲು ಬರುವವರೆಗೆ ಕೈಪಂಪು ಒತ್ತಬೇಕು. ಆ ತಿರುಪು ಬಿಗಿದು, ಪಂಪಿನ ತಿರುಪಿನಲ್ಲೂ ಹೀಗೆಯೇ ಮಾಡಿ. ಗಾಳಿ ಪೂರ್ತಿ ಹೋದ ಮೇಲೆಯೇ ಬ್ಯಾಟರಿ ಜೋಡಿಸಿ ಎಂಜಿನ್ನು ಚಾಲೂ ಮಾಡಿ.

ಅನಂತರದ ಜೋಪಾನ

ಮೊದಲ 50 ಕಿ.ಮೀ. ಓಡಿದ ಮೇಲೆ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯಿರಿ. ಗುಬ್ಬಿಯಿಂದ ತುಮಕೂರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಲಾರಿ ಸ್ವಲ್ಪ ದೂರ ಓಡಿ ಶಕ್ತಿ ಕಳೆದುಕೊಂಡು, ಮುಚ್ಚಳ ತೆಗೆದಾಗ ಗಾಳಿ ಎಳೆದ ಸದ್ದಾದರೆ, ಟ್ಯಾಂಕಿನ ಗಾಳಿತೂತು ಕಟ್ಟಿದೆಯೆಂದು ತಿಳಿಯಬೇಕು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿಟ್ಟರೆ ರಾತ್ರಿ ನೀರುಗಟ್ಟುವುದು ಕಡಿಮೆ. ತಿಂಗಳಿಗೊಮ್ಮೆ ಬೆಳಗ್ಗೆ, ಲಾರಿ ಅಲುಗುವ ಮೊದಲು, ತಳದ ಬಿರಡೆ ಸಡಿಲಿಸಿ ನೀರು ತೆಗೆಯಿರಿ. ಗೊಬ್ಬರ ಹೊಡೆದ ದಿನ ಪಟ್ಟಿಗಳ ಹಿಂಭಾಗವನ್ನು ತಪ್ಪದೆ ತೊಳೆಯಿರಿ.

8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷವೂ ಅರ್ಹತಾ ಪತ್ರ ಬೇಕು. ಆ ತಪಾಸಣೆಗೆ ಮೊದಲೇ ಟ್ಯಾಂಕಿನ ಅಡಿಗೆ ಬಗ್ಗಿ ನೋಡುವ ಅಭ್ಯಾಸವಿಟ್ಟುಕೊಂಡರೆ ಸೋರಿಕೆ ಬೇಗ ತಿಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನದೊಂದು ಮನವಿ. ಗ್ರಾಮಸಭೆಗಳಲ್ಲಿ ಈ ಮಾತು ಲಾರಿ ಮಾಲೀಕರಿಗಿಂತ ಹೆಚ್ಚಾಗಿ ಹಳ್ಳಿಯ ವೆಲ್ಡಿಂಗ್ ಅಂಗಡಿಯ ಹುಡುಗರ ಕಿವಿಗೆ ಬೀಳಬೇಕು. ಟ್ಯಾಂಕು ಹೊತ್ತು ತಂದವರು ಎಷ್ಟೇ ಒತ್ತಾಯ ಮಾಡಿದರೂ “ಇದನ್ನು ನಾನು ಬೆಸೆಯುವುದಿಲ್ಲ” ಎಂದು ಹೇಳುವ ಧೈರ್ಯ ಅವರಿಗೆ ಬರಬೇಕು. ಟ್ರ್ಯಾಕ್ಟರಿನ ಟ್ಯಾಂಕಿಗೂ, ಪಂಪ್‌ಸೆಟ್ಟಿನ ಟ್ಯಾಂಕಿಗೂ, ಡೀಸೆಲ್ ತುಂಬಿದ್ದ ಡ್ರಮ್ಮಿಗೂ ಇದೇ ನಿಯಮ ಅನ್ವಯಿಸುತ್ತದೆ.